ವಿಮಾನದ ವೇಳೆ, ಮಾತ್ರೆಯ ವೇಳೆ

ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು ಕೆಲವು ತಿಂಗಳ ಹಿಂದೆ ಹೆಂಡತಿಯೊಂದಿಗೆ ನನ್ನ ಬಳಿ ಬಂದಿದ್ದರು. ಮೇಷ್ಟ್ರಿಗೆ 68 ವರ್ಷ, 12 ವರ್ಷಗಳಿಂದ ಸಕ್ಕರೆ ಕಾಯಿಲೆ. ಆಕೆಗೆ ರಕ್ತದೊತ್ತಡ, ಮಂಡಿನೋವು. ಮಗಳ ಎರಡನೆಯ ಬಾಣಂತನಕ್ಕೆಂದು ಇಬ್ಬರೂ ಅಮೆರಿಕಕ್ಕೆ ಹೊರಟು ನಿಂತಿದ್ದರು. "ವಿಮಾನದಲ್ಲಿ ಕೂತ ಮೇಲೆ ನನಗೇನೂ ಭಯವಿಲ್ಲ ಡಾಕ್ಟ್ರೇ. ಹತ್ತುವವರೆಗಿನದೇ ಭಯ" ಎಂದರು ಮೇಷ್ಟ್ರು. ಮೊದಲ ಬಾಣಂತನಕ್ಕೆ ಹೋದಾಗ ಆದದ್ದನ್ನು ಅವರ ಹೆಂಡತಿ ವಿವರವಾಗಿ ಹೇಳಿದರು.

ಅಂದು ವಿಮಾನ ಹೊರಡುವುದು ಬೆಳಗಿನ ಜಾವ 3 ಗಂಟೆಗೆ. ಮಧ್ಯಾಹ್ನ ಒಂದಕ್ಕೆ ಊಟ ಮುಗಿಸಿ, 4 ಗಂಟೆಗೆ ಕಾಫಿ ಬಿಸ್ಕತ್ತು ತೆಗೆದುಕೊಂಡು ಕಾರಿನಲ್ಲಿ ಹೊರಟರು. ಹಿಂದೆಲ್ಲ ಬೆಂಗಳೂರಿಗೆ ಹೋಗುವವರು ಮದ್ದೂರಿನಲ್ಲಿ ವಡೆಗಾದರೂ ನಿಲ್ಲುತ್ತಿದ್ದರು. ಈಗಿನ ಹೆದ್ದಾರಿ ಮದ್ದೂರನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ರಾತ್ರಿ ಎಂಟೂವರೆಗೆ ಕಾರು ಹೆಬ್ಬಾಳದ ದಟ್ಟಣೆಯಲ್ಲಿ ಸಿಕ್ಕಿಕೊಂಡಿತ್ತು. ಅದು ಮೇಷ್ಟ್ರು ದಿನವೂ ಊಟಕ್ಕೆ ಮುಂಚಿನ ಮಾತ್ರೆ ನುಂಗುವ ಹೊತ್ತು. ನುಂಗಿದರು. ಚಪಾತಿ ಪಲ್ಯದ ಡಬ್ಬಿ ಕೈಚೀಲದಲ್ಲಿತ್ತು. "ಸಾಮಾನು ಕೊಟ್ಟು ನಿಶ್ಚಿಂತೆಯಾಗಿ ಕೂತು ತಿನ್ನೋಣ" ಎಂದುಕೊಂಡರು.

ಹತ್ತು ಗಂಟೆಗೆ ನಿಲ್ದಾಣ ತಲುಪಿದರು. ಬೀಳ್ಕೊಡಲು ಬಂದವರೆಲ್ಲ ಬಾಗಿಲಲ್ಲೇ ಉಳಿದರು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲವಷ್ಟೆ. ಕೌಂಟರ್ ತೆರೆದದ್ದು 11ಕ್ಕೆ. ಅಲ್ಲಿ ಮುಕ್ಕಾಲು ಗಂಟೆ ಸಾಲು. ನಂತರ ಒಂದು ಪೆಟ್ಟಿಗೆಯನ್ನು ತೆರೆದು ತೋರಿಸಬೇಕೆಂದು ಕರೆ ಬಂತು. ಒಳಗಿದ್ದದ್ದು ಕೊಬ್ಬರಿ ಗಿಟುಕುಗಳು. ಆಮೇಲೆ ವಲಸೆ ಅಧಿಕಾರಿಗಳ ಮುಂದಿನ ಸಾಲು, ಅದರಾಚೆ ಭದ್ರತಾ ತಪಾಸಣೆಯ ಸಾಲು. ರಾತ್ರಿ 12 ಗಂಟೆ 40 ನಿಮಿಷಕ್ಕೆ ಬೆಲ್ಟು ಬಿಚ್ಚಿ ತಟ್ಟೆಯಲ್ಲಿಡುತ್ತಿದ್ದ ಮೇಷ್ಟ್ರು ಇದ್ದಕ್ಕಿದ್ದಂತೆ ಹಿಂದಿನವರ ಮೇಲೆ ರೇಗಿದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು. ಪಾಸ್‌ಪೋರ್ಟ್ ಎಲ್ಲಿ ಎಂದರೆ ಬಾಯಿ ಬಿಡಲಿಲ್ಲ.

"ರೀ, ಕೂತ್ಕೊಳ್ಳಿ" ಎಂದು ಹೆಂಡತಿ ಕೂಗಿಕೊಂಡದ್ದೇ ಒಳ್ಳೆಯದಾಯಿತು. ತಪಾಸಣೆಗೆ ನಿಂತಿದ್ದ ಜವಾನನೊಬ್ಬ ಕುರ್ಚಿ ತಂದ. ಆಕೆ ಮಗಳಿಗೆಂದು ಕಟ್ಟಿಕೊಂಡಿದ್ದ ಅಂಟಿನುಂಡೆಯೊಂದನ್ನು ಗಂಡನ ಬಾಯಿಗೆ ತುರುಕಿದರು. ಅಷ್ಟರಲ್ಲಿ ಯಾರೋ ಆಚೆಯ ಕಾಫಿ ಅಂಗಡಿಯಿಂದ ಸಕ್ಕರೆ ಪೊಟ್ಟಣಗಳನ್ನು ತಂದುಕೊಟ್ಟರು. ಕಾಲು ಗಂಟೆಯಲ್ಲಿ ಮೇಷ್ಟ್ರು ಮನುಷ್ಯರಾದರು. ಚಪಾತಿ ಡಬ್ಬಿ ಕೈಚೀಲದಲ್ಲಿ ಹಾಗೇ ಇತ್ತು.

ಇದು ಅಪರೂಪದ ಕಾಯಿಲೆಯೇನಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು, ಉದಾಹರಣೆಗೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಮೇದೋಜೀರಕ ಗ್ರಂಥಿಯಿಂದ ಇನ್‌ಸುಲಿನ್ ಹೊರಬರುವಂತೆ ಮಾಡುತ್ತವೆ. ಹೊಟ್ಟೆಯಲ್ಲಿ ಅನ್ನವಿದೆಯೋ ಇಲ್ಲವೋ ಮಾತ್ರೆಗೆ ಗೊತ್ತಾಗುವುದಿಲ್ಲ. ಮಾತ್ರೆ ನುಂಗಿ ಊಟ ಮಾಡದಿದ್ದರೆ, ಅದರ ಮೇಲೆ ಸಾಮಾನು ಎತ್ತಿ ಇಳಿಸಿ ನಿಂತು ನಡೆದರೆ, ರಕ್ತದಲ್ಲಿನ ಸಕ್ಕರೆ ಇಳಿಯುತ್ತಾ ಹೋಗುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅಪಾಯದ ಗೆರೆ ದಾಟಿದಂತೆ. ಬೆವರು, ನಡುಕ, ಹಸಿವು, ಎದೆಬಡಿತ ಮೊದಲ ಲಕ್ಷಣಗಳು. ಮಿದುಳಿಗೆ ಸಕ್ಕರೆ ಸಾಲದೆ ಹೋದಾಗ ಸಿಡುಕು, ಗೊಂದಲ, ತೊದಲು ಮಾತು. ನೋಡಿದವರು ಕುಡಿದಿದ್ದಾರೆಂದೋ ಮುದುಕರಿಗೆ ಸಿಟ್ಟು ಹೆಚ್ಚೆಂದೋ ತಿಳಿಯುತ್ತಾರೆ. ರಕ್ತದೊತ್ತಡಕ್ಕೆ ಅಟೆನಲಾಲ್, ಮೆಟೊಪ್ರೊಲಾಲ್‌ನಂತಹ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಕಾಣಿಸದೆಯೂ ಹೋಗಬಹುದು. ಆಗ ಬೆವರೊಂದೇ ಸುಳಿವು.

ಅಂಟಿನುಂಡೆಯ ವಿಷಯದಲ್ಲಿ ಒಂದು ಮಾತು. ಆಕೆಯ ಸಮಯಪ್ರಜ್ಞೆಯನ್ನು ಮೆಚ್ಚಬೇಕು, ಆದರೆ ಮೇಷ್ಟ್ರನ್ನು ಬೇಗ ಚೇತರಿಸಿದ್ದು ಬಹುಶಃ ಆ ಸಕ್ಕರೆ ಪೊಟ್ಟಣಗಳೇ. ತುಪ್ಪ, ಕೊಬ್ಬರಿ ಹೆಚ್ಚಿರುವ ಸಿಹಿಯಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಆ ಹೊತ್ತಿಗೆ ಬೇಕಾದದ್ದು ಬರೀ ಸಕ್ಕರೆ ಅಥವಾ ಗ್ಲೂಕೋಸ್, ಸುಮಾರು 15 ಗ್ರಾಂ, ಎಂದರೆ ಮೂರು ನಾಲ್ಕು ಚಹಾ ಚಮಚ. 15 ನಿಮಿಷ ಬಿಟ್ಟು ಸಕ್ಕರೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಬೇಕು. ಚೇತರಿಸಿದ ಮೇಲೆ ಊಟ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಅಂಥ ಸಂದರ್ಭದಲ್ಲಿ ನಿಲ್ದಾಣದ ವೈದ್ಯರನ್ನು ಕರೆಸಿ.

ಕಾಯುವ ಹೊತ್ತಿನ ಲೆಕ್ಕ

ನಮ್ಮ ಜನ ವಿಮಾನ ಪ್ರಯಾಣವೆಂದರೆ ಹಾರುವ ಗಂಟೆಗಳನ್ನು ಎಣಿಸುತ್ತಾರೆ. ದೇಹಕ್ಕೆ ಪ್ರಯಾಣ ಆರಂಭವಾಗುವುದು ಮನೆಯ ಹೊಸ್ತಿಲು ದಾಟಿದಾಗ. ಮೈಸೂರಿನಿಂದ ದೇವನಹಳ್ಳಿಗೆ ಸುಮಾರು 180 ಕಿಲೋಮೀಟರ್. ಮೇಷ್ಟ್ರು ಮನೆ ಬಿಟ್ಟದ್ದಕ್ಕೂ ವಿಮಾನ ನೆಲ ಬಿಟ್ಟದ್ದಕ್ಕೂ 11 ಗಂಟೆಯ ಅಂತರವಿತ್ತು. ಆ 11 ಗಂಟೆಗಳಲ್ಲಿ ಒಂದು ಊಟ, ಒಂದು ನಿದ್ರೆ, ಎರಡು ಮೂರು ಮಾತ್ರೆಗಳು ಬರುತ್ತವೆ. ಟಿಕೆಟ್ಟಿನಲ್ಲಿ ಇವು ಯಾವುವೂ ಬರೆದಿರುವುದಿಲ್ಲ.

ಸಾಲಿನ ಉದ್ದ ಋತುವಿನಿಂದ ಋತುವಿಗೆ, ಗಂಟೆಯಿಂದ ಗಂಟೆಗೆ ಬದಲಾಗುತ್ತದೆ. 2022ರ ಡಿಸೆಂಬರಿನಲ್ಲಿ ದೆಹಲಿಯ 3ನೇ ಟರ್ಮಿನಲ್‌ನಲ್ಲಿ ಎಷ್ಟು ಜನಸಂದಣಿಯಾಗಿತ್ತೆಂದರೆ, ದೇಶದೊಳಗಿನ ಪ್ರಯಾಣಕ್ಕೂ ಮೂರೂವರೆ ಗಂಟೆ ಮೊದಲೇ ಬನ್ನಿ ಎಂದು ವಿಮಾನ ಕಂಪನಿಯೇ ಪ್ರಕಟಿಸಬೇಕಾಯಿತು. ರಜೆಗಳು, ಹಬ್ಬದ ವಾರ, ಡಿಸೆಂಬರಿನ ಕೊನೆ ಇವೆಲ್ಲ ಸಾಲು ಬೆಳೆಯುವ ಕಾಲ. ಬೆಂಗಳೂರಿನಿಂದ ಯೂರೋಪ್, ಕೊಲ್ಲಿ ದೇಶಗಳ ಕಡೆಗೆ ಹೋಗುವ ಹಲವು ವಿಮಾನಗಳು ನಡುರಾತ್ರಿಯಿಂದ ಮುಂಜಾನೆಯೊಳಗೆ ಹೊರಡುವುದರಿಂದ ಆ ಹೊತ್ತಿನಲ್ಲಿ ಎಲ್ಲ ಸಾಲುಗಳೂ ಒಟ್ಟಿಗೆ ತುಂಬುತ್ತವೆ.

ಹಾಗೆಂದು ಆರೇಳು ಗಂಟೆ ಮೊದಲೇ ಹೋಗಿ ಕೂರುವುದೂ ಜಾಣತನವಲ್ಲ. ಇದು ನಮ್ಮಲ್ಲಿ ಹಿರಿಯರು ಮಾಡುವ ಸಾಮಾನ್ಯ ತಪ್ಪು. ಅಂತರರಾಷ್ಟ್ರೀಯ ವಿಮಾನಗಳ ಕೌಂಟರ್ ಸಾಮಾನ್ಯವಾಗಿ ತೆರೆಯುವುದು ಮೂರು ನಾಲ್ಕು ಗಂಟೆ ಮೊದಲು. ಅದಕ್ಕಿಂತ ಮುಂಚೆ ಹೋದವರು ಪೆಟ್ಟಿಗೆ ಕಾಯುತ್ತ, ಕಾಲು ಇಳಿಬಿಟ್ಟು, ಶೌಚಾಲಯಕ್ಕೂ ಏಳಲಾರದೆ ಕುಳಿತಿರುತ್ತಾರೆ. ದೂರದ ಊರಿನವರು ಮಧ್ಯಾಹ್ನವೇ ಬೆಂಗಳೂರಿನ ಬಂಧುಗಳ ಮನೆಗೆ ಬಂದು, ಕಾಲು ಚಾಚಿ ಮಲಗಿ, ರಾತ್ರಿಯ ಊಟವನ್ನು ಅಲ್ಲಿಯೇ ಮುಗಿಸಿ ಹೊರಡುವುದು ಒಳ್ಳೆಯದು. ಕೌಂಟರ್ ತೆರೆಯುವ ವೇಳೆಗೆ ನಿಲ್ದಾಣದಲ್ಲಿದ್ದರೆ ಸಾಕು. ರಸ್ತೆಗೆಂದು ಮಾತ್ರ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಪ್ರಯಾಣದ ದಿನ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಊಟದ ಮುಂಚಿನ ಇನ್‌ಸುಲಿನ್ನನ್ನು ಊಟ ಕಣ್ಣ ಮುಂದೆ ಬಂದ ಮೇಲೆಯೇ ತೆಗೆದುಕೊಳ್ಳಬೇಕು. ಡಬ್ಬಿ ತೆರೆದು ಮಡಿಲಲ್ಲಿಟ್ಟುಕೊಂಡು ಮಾತ್ರೆ ನುಂಗಿ. ಎಂಟೂವರೆಗೆ ಊಟವಿಲ್ಲವೆಂದರೆ ಎಂಟೂವರೆಗೆ ಆ ಮಾತ್ರೆಯೂ ಇಲ್ಲ. ರಕ್ತದೊತ್ತಡದ ಮಾತ್ರೆ, ಹೃದಯದ ಮಾತ್ರೆಗಳಿಗೆ ಈ ಮಾತು ಅನ್ವಯಿಸುವುದಿಲ್ಲ, ಅವನ್ನು ಎಂದಿನಂತೆ ತೆಗೆದುಕೊಳ್ಳಿ. ದಿನಕ್ಕೊಮ್ಮೆ ಚುಚ್ಚಿಕೊಳ್ಳುವ ದೀರ್ಘಕಾಲದ ಇನ್‌ಸುಲಿನ್ನನ್ನು ತಾವಾಗಿಯೇ ಬಿಡಕೂಡದು.

ಕೈಚೀಲದಲ್ಲಿ ಏನಿರಬೇಕು

ಔಷಧಿಗಳೆಲ್ಲ ಕೈಚೀಲದಲ್ಲಿರಲಿ. ಇನ್‌ಸುಲಿನ್ ಸಾಮಾನಿನ ಪೆಟ್ಟಿಗೆಗೆ ಹೋಗಲೇಬಾರದು. ವಿಮಾನದ ಹೊಟ್ಟೆಯಲ್ಲಿ ಅದು ಹೆಪ್ಪುಗಟ್ಟಿದರೆ ಕರಗಿದ ಮೇಲೆ ಕೆಲಸಕ್ಕೆ ಬಾರದು. ಪೆಟ್ಟಿಗೆ ಬೇರೆ ಊರಿಗೆ ಹೋದರಂತೂ ಹೇಳುವುದೇ ಬೇಡ. ಬಳಕೆಯಲ್ಲಿರುವ ಇನ್‌ಸುಲಿನ್ ಸಾಧಾರಣ ಕೋಣೆಯ ಉಷ್ಣತೆಯಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ, ಹಾಗಾಗಿ ಸಾಲಿನ ಕೆಲವು ಗಂಟೆಗಳಿಗೆ ಹೆದರಬೇಕಾಗಿಲ್ಲ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ. ಎರಡು ಪಾಲು ಮಾಡಿ, ಗಂಡನ ಚೀಲದಲ್ಲಿ ಒಂದು, ಹೆಂಡತಿಯ ಚೀಲದಲ್ಲಿ ಒಂದು ಇಟ್ಟರೆ ಇನ್ನೂ ಕ್ಷೇಮ.

ಕೈಚೀಲದ ದ್ರವ ಪದಾರ್ಥಗಳಿಗೆ 100 ಮಿಲಿಲೀಟರಿನ ಮಿತಿ ಬಂದದ್ದು 2006ರಲ್ಲಿ ಲಂಡನ್ನಿನಲ್ಲಿ ವಿಮಾನ ಸ್ಫೋಟದ ಸಂಚು ಬಯಲಾದ ನಂತರ. ಅಗತ್ಯದ ಔಷಧಿಗೂ ಮಗುವಿನ ಹಾಲಿಗೂ ವಿನಾಯಿತಿ ಇದೆ. ಆದರೆ ಅದು ಔಷಧಿಯೆಂದು ತೋರಿಸಬೇಕಾದವರು ನೀವು. ಔಷಧಿ ಅದರ ಮೂಲ ಪೊಟ್ಟಣದಲ್ಲೇ ಇರಲಿ. ಜೊತೆಗೆ ವೈದ್ಯರ ಪತ್ರವಿರಲಿ, ಅದರಲ್ಲಿ ಕಾಯಿಲೆಯ ಹೆಸರು, ಔಷಧಿಯ ವೈಜ್ಞಾನಿಕ ಹೆಸರು, ಸೂಜಿ ಬೇಕೆಂಬ ಮಾತು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿರಲಿ. ನಮ್ಮ ವೈದ್ಯರ ಕೈಬರಹವನ್ನು ದುಬೈನ ಅಧಿಕಾರಿ ಓದಲಾರ, ಟೈಪು ಮಾಡಿಸಿ. ದುಬೈ, ಅಬುಧಾಬಿಗಳಲ್ಲಿ ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ ಹಾಗೂ ಕೆಮ್ಮಿನ ಔಷಧಿಗಳಿಗೆ ಕಟ್ಟುನಿಟ್ಟಿನ ನಿಯಂತ್ರಣವಿದೆ. ನಮ್ಮ ಅಡುಗೆಮನೆಯ ಗಸಗಸೆಯೂ ಅಲ್ಲಿ ನಿಷಿದ್ಧ.

ಸಕ್ಕರೆ ಇಳಿದಾಗ ಕುಡಿಯಲೆಂದು ಹಣ್ಣಿನ ರಸದ ಪೊಟ್ಟಣ ಇಟ್ಟುಕೊಂಡವರು ಅದನ್ನು ತಪಾಸಣೆಯಲ್ಲಿ ಕಳೆದುಕೊಳ್ಳಬಹುದು. ಗ್ಲೂಕೋಸ್ ಮಾತ್ರೆ, ಸಕ್ಕರೆ ಪೊಟ್ಟಣ, ಪೆಪ್ಪರ್‌ಮಿಂಟ್ ಇವು ದ್ರವವಲ್ಲ. ಚೀಲ ಯಂತ್ರದೊಳಗೆ ಹೋಗಿ ಆಚೆ ಬರುವುದು ಎಷ್ಟೋ ಸಲ ತಡವಾಗುತ್ತದೆ, ಆದ್ದರಿಂದ ನಾಲ್ಕು ಗ್ಲೂಕೋಸ್ ಮಾತ್ರೆ ಪ್ಲಾಸ್ಟಿಕ್ ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲೇ ಇರಲಿ. ಹಿಡಿ ಕಡಲೆ, ಒಂದೆರಡು ಚಪಾತಿ, ಬಿಸ್ಕತ್ತು ಸುಲಭವಾಗಿ ಕೈಗೆ ಸಿಗುವಂತಿರಲಿ.

ಇನ್ನು ಕೊಬ್ಬರಿ. ಇದರಲ್ಲಿ ಎಣ್ಣೆ ಹೆಚ್ಚಾದ್ದರಿಂದ ಸುಲಭವಾಗಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ, ಸಾಮಾನಿನ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕ್ ಕೂಡ ಪೆಟ್ಟಿಗೆಗೆ ಹೋಗಬಾರದು, ಕೈಚೀಲದಲ್ಲೇ ಇರಬೇಕು. ಉಪ್ಪಿನಕಾಯಿ, ತುಪ್ಪ ಇದಕ್ಕೆ ತದ್ವಿರುದ್ಧ. ಅಮೆರಿಕದ ವಿಮಾನಗಳಲ್ಲಿ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ಹೆಚ್ಚಿನ ತಪಾಸಣೆ ಎಂಬ ನಿಯಮ 2018ರಲ್ಲಿ ಬಂತು, ಚಟ್ನಿಪುಡಿ ಸಾರಿನಪುಡಿ ಪೆಟ್ಟಿಗೆಯಲ್ಲೇ ಇರಲಿ. ಆರೋಗ್ಯದ ಅಂಕಣದಲ್ಲಿ ಸಾರಿನಪುಡಿಯ ಮಾತೇಕೆ ಎನ್ನಬೇಡಿ. ಒಂದು ಪೆಟ್ಟಿಗೆ ತೆರೆಸಿದರೆ ಅರ್ಧ ಗಂಟೆ ಹೋಗುತ್ತದೆ. ಆ ಅರ್ಧ ಗಂಟೆ ಹೋಗುವುದು ಊಟದ ಹೊತ್ತಿನಿಂದಲೇ.

ನೀರು, ಶೌಚ, ನಿಲುವು

ಬಾತ್‌ರೂಮಿಗೆ ಹೋಗಬೇಕಾದೀತೆಂದು ಬೆಳಗಿನಿಂದಲೇ ನೀರು ಬಿಡುವ ಹೆಂಗಸರು ನಮ್ಮಲ್ಲಿ ಬಹಳ. ಇದರಿಂದ ಮೂತ್ರನಾಳದ ಸೋಂಕು, ತಲೆಸುತ್ತು, ಮಲಬದ್ಧತೆ ಬರುತ್ತವೆ. ಖಾಲಿ ಬಾಟಲಿ ಒಯ್ದು ತಪಾಸಣೆ ಮುಗಿದ ಮೇಲೆ ತುಂಬಿಸಿಕೊಳ್ಳಿ. ಪ್ರತಿ ಸಾಲಿಗೆ ನಿಲ್ಲುವ ಮೊದಲು ಒಮ್ಮೆ ಶೌಚಾಲಯಕ್ಕೆ ಹೋಗಿಬನ್ನಿ, ಅವಸರವಿಲ್ಲದಿದ್ದರೂ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಆ ದಿನದ ಮಾತ್ರೆಯನ್ನು ಯಾವ ಹೊತ್ತಿಗೆ ಸರಿಸಬಹುದೆಂದು ವೈದ್ಯರನ್ನು ಮೊದಲೇ ಕೇಳಿ. ತಾವಾಗಿ ಬಿಟ್ಟುಬಿಟ್ಟು, ಇಳಿಯುವ ಹೊತ್ತಿಗೆ ಕಾಲು ಬಾತು ಉಸಿರು ಕಟ್ಟಿಸಿಕೊಂಡವರನ್ನು ನಾನು ನೋಡಿದ್ದೇನೆ.

ಒಂದೇ ಕಡೆ ನಿಂತರೆ ರಕ್ತ ಕಾಲುಗಳಲ್ಲಿ ಇಳಿದು ನಿಲ್ಲುತ್ತದೆ. ಪ್ರಾಸ್ಟೇಟ್ ಗ್ರಂಥಿಗೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಕಣ್ಣು ಕತ್ತಲಿಡುವುದು ಸುಲಭ. ಸಾಲಿನಲ್ಲಿ ನಿಂತಾಗ ಹಿಮ್ಮಡಿ ಎತ್ತಿ ಇಳಿಸುತ್ತಿರಿ. ತಲೆ ಹಗುರಾದರೆ ಮರ್ಯಾದೆಗೆ ಅಂಜದೆ ನೆಲದ ಮೇಲಾದರೂ ಕುಳಿತುಬಿಡಿ, ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದಕ್ಕಿಂತ ಅದು ವಾಸಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ನಾಲ್ಕು ಗಂಟೆಗಿಂತ ಹೆಚ್ಚು ಕುಳಿತು ಪ್ರಯಾಣ ಮಾಡುವವರಲ್ಲಿ ಎರಡು ಮೂರು ಪಟ್ಟು ಹೆಚ್ಚುತ್ತದೆ. ನಿಲ್ದಾಣದ ಕುರ್ಚಿಯಲ್ಲಿ ಕಳೆದ ಗಂಟೆಗಳನ್ನೂ ದೇಹ ಆ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತದೆ.

ಗಾಲಿಕುರ್ಚಿ ಎಂದೊಡನೆ ಮೇಷ್ಟ್ರು ಮುಖ ಗಂಟಿಕ್ಕಿದರು. "ನನಗೇನಾಗಿದೆ? ದಿನಾ ಕುಕ್ಕರಹಳ್ಳಿ ಕೆರೆ ಸುತ್ತುತ್ತೀನಿ." ನಡೆಯುವವರಿಗೆ ನಿಲ್ಲುವುದು ಬೇರೆಯದೇ ಶ್ರಮ. ಒಂದು ಗಂಟೆ ನಿಲ್ಲಲಾಗದ ಮಂಡಿ, ಹೃದಯ ಅಥವಾ ಶ್ವಾಸಕೋಶದವರು ನಾಚಿಕೆಪಡದೆ ಗಾಲಿಕುರ್ಚಿ ಕೇಳಬೇಕು, ಅದೂ ಪ್ರಯಾಣಕ್ಕೆ 48 ಗಂಟೆ ಮೊದಲೇ ವಿಮಾನ ಕಂಪನಿಗೆ ತಿಳಿಸಿ. 2024ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಮುಂಬಯಿಗೆ ಬಂದಿಳಿದ 80 ವರ್ಷದ ಒಬ್ಬ ಪ್ರಯಾಣಿಕರಿಗೆ, ಮೊದಲೇ ಕೇಳಿದ್ದರೂ ಕುರ್ಚಿ ಕೂಡಲೇ ಸಿಗಲಿಲ್ಲ. ಸಿಕ್ಕ ಒಂದರಲ್ಲಿ ಹೆಂಡತಿಯನ್ನು ಕೂರಿಸಿ, ತಾವು ಜೊತೆಯಲ್ಲಿ ನಡೆದು ಹೊರಟರು. ವಲಸೆ ತಪಾಸಣೆಯ ಬಳಿ ಕುಸಿದುಬಿದ್ದು ತೀರಿಕೊಂಡರು. ವಿಮಾನ ಕಂಪನಿಗೆ ಸರ್ಕಾರ 30 ಲಕ್ಷ ರೂಪಾಯಿ ದಂಡ ಹಾಕಿತು. ಕುರ್ಚಿಗಾಗಿ ಕಾಯುವುದೂ ಒಂದು ಸಾಲೇ, ಅದಕ್ಕೂ ಸಮಯ ಇಟ್ಟುಕೊಂಡಿರಬೇಕು. ಇನ್ನೊಂದು ವಿಮಾನಕ್ಕೆ ಬದಲಿಸಬೇಕಾದವರು ಮಧ್ಯೆ ಮೂರು ಗಂಟೆಯಾದರೂ ಇರುವ ಟಿಕೆಟ್ ಕೊಳ್ಳಿ. ಬರೀ ಭಾಷೆಯ ಭಯಕ್ಕೆ, ದಾರಿ ತೋರಿಸಲು ಒಬ್ಬರಿರಲಿ ಎಂದು ಗಾಲಿಕುರ್ಚಿ ಕೇಳುವ ಗಟ್ಟಿಮುಟ್ಟಾದವರೂ ಇದ್ದಾರೆ. ಅವರು ದಾರಿ ತೋರಿಸುವ ಸಹಾಯವನ್ನಷ್ಟೇ ಕೇಳಿದರೆ ನಿಜವಾಗಿ ನಡೆಯಲಾಗದವರಿಗೆ ಕುರ್ಚಿ ಉಳಿಯುತ್ತದೆ.

ಪೇಸ್‌ಮೇಕರ್ ಇರುವವರು ಅದರ ಕಾರ್ಡನ್ನು ಕೈಯಲ್ಲೇ ಹಿಡಿದಿರಲಿ. ಲೋಹಶೋಧಕದ ಬಾಗಿಲನ್ನು ನಿಲ್ಲದೆ ದಾಟಬಹುದು, ಅದಕ್ಕೆ ಒರಗಿಕೊಂಡು ನಿಲ್ಲಬಾರದು. ಕೈಯಲ್ಲಿ ಹಿಡಿಯುವ ಶೋಧಕವನ್ನು ಎದೆಯ ಮೇಲೆ ಹೆಚ್ಚು ಹೊತ್ತು ಇಡಬೇಡಿರೆಂದು ಹೇಳಿ, ಕೈಯಿಂದ ತಪಾಸಣೆ ಮಾಡಲು ಕೋರಬಹುದು. ಕೃತಕ ಮಂಡಿಯವರು ಯಂತ್ರ ಕೂಗುವ ಮೊದಲೇ ತಿಳಿಸಲಿ. ಮೂತ್ರದ ಚೀಲ ಕಟ್ಟಿಕೊಂಡಿರುವವರು ಖಾಸಗಿ ಕೋಣೆ ಕೇಳಬಹುದು, ಸಂಕೋಚ ಬೇಡ. ಇನ್‌ಸುಲಿನ್ ಪಂಪು ಇರುವವರು ಅದು ಎಕ್ಸ್‌ರೇ ಯಂತ್ರದೊಳಗೆ ಹೋಗಬಹುದೇ ಎಂದು ತಯಾರಕರ ಸೂಚನೆ ಓದಿಕೊಳ್ಳಿ. ಕೆಲವು ಹೋಗಬಾರದು.

ದಾರಿಯಲ್ಲಿ ವಿಮಾನ ಬದಲಿಸುವ ಕಡೆಗಳಲ್ಲಿ ಮತ್ತೆ ತಪಾಸಣೆಯ ಸಾಲಿರುತ್ತದೆ, ಬೆಂಗಳೂರಿನಲ್ಲಿ ಕೊಂಡ ನೀರಿನ ಬಾಟಲಿ ಅಲ್ಲಿ ಹೋಗಿಬಿಡಬಹುದು. ಅಬುಧಾಬಿಯಲ್ಲಂತೂ 2014ರಿಂದ ಅಮೆರಿಕದ ವಲಸೆ ತಪಾಸಣೆಯೇ ಇದೆ. ಆ ದಾರಿಯಲ್ಲಿ ಹೋಗುವವರಿಗೆ ಉದ್ದನೆಯ ಸಾಲು ನಡುದಾರಿಯಲ್ಲೇ ಸಿಗುತ್ತದೆ, ಉಳಿದವರಿಗೆ ಅಮೆರಿಕದಲ್ಲಿ ಇಳಿದ ಮೇಲೆ. ವಿಮಾನ ಇಳಿಯುವ ಮೊದಲು ಕೊಡುವ ತಿಂಡಿಯನ್ನು ಬೇಡವೆನ್ನಬೇಡಿ.

ಮೇಷ್ಟ್ರು ಈ ಸಲ ಮಧ್ಯಾಹ್ನವೇ ಮಲ್ಲೇಶ್ವರದ ತಂಗಿಯ ಮನೆಗೆ ಬಂದು ಮಲಗಿದ್ದರಂತೆ. ಎಂಟಕ್ಕೆ ಮಾತ್ರೆ, ಹಿಂದೆಯೇ ಊಟ, ಹತ್ತಕ್ಕೆ ಕಾರು. ಹೆಂಡತಿಗೆ ಗಾಲಿಕುರ್ಚಿ ಮೊದಲೇ ಹೇಳಿದ್ದರು, ತಾವು ನಡೆದರು. ಕೊಬ್ಬರಿ ಮೈಸೂರಿನಲ್ಲೇ ಉಳಿಯಿತು. ಹೋದ ವಾರ ನ್ಯೂಜೆರ್ಸಿಯಿಂದ ಫೋನ್ ಮಾಡಿ, ವಾಪಸು ಬರುವಾಗ ಮಾತ್ರೆ ಯಾವ ಊರಿನ ಗಡಿಯಾರಕ್ಕೆ ನುಂಗಬೇಕೆಂದು ಕೇಳಿದರು. ಪಶ್ಚಿಮಕ್ಕೆ ಹೋಗುವಾಗ ದಿನ ಹಿಗ್ಗುತ್ತದೆ, ಒಂದು ಊಟ ಹೆಚ್ಚಾಗುತ್ತದೆ. ಪೂರ್ವಕ್ಕೆ ಬರುವಾಗ ಹತ್ತು ಗಂಟೆಯಷ್ಟು ದಿನ ಕುಗ್ಗುತ್ತದೆ. ಕೈಗಡಿಯಾರವನ್ನು ಭಾರತದ ವೇಳೆಗೆ ತಿರುಗಿಸಿ ಅದರಂತೆ ನುಂಗಿದರೆ ಎರಡು ಹೊತ್ತಿನ ಮಾತ್ರೆಗಳು ಒಂದರ ಬೆನ್ನಿಗೆ ಇನ್ನೊಂದು ಬಿದ್ದು ಸಕ್ಕರೆ ಮತ್ತೆ ಇಳಿದೀತು. ಆದ್ದರಿಂದ ಬೆಂಗಳೂರಿನಲ್ಲಿ ಇಳಿಯುವವರೆಗೆ ಗಡಿಯಾರವನ್ನು ತಿರುಗಿಸದೆ ಇರಿ, ಊಟಕ್ಕೊಂದು ಮಾತ್ರೆ ಎಂದು ಲೆಕ್ಕ ಹಿಡಿಯಿರಿ, ದಿನದ ಪ್ರಮಾಣ ಮೀರಬೇಡಿ ಎಂದೆ. ಇನ್‌ಸುಲಿನ್ ಚುಚ್ಚಿಕೊಳ್ಳುವವರಿಗೆ ಈ ಒಂದು ಸೂತ್ರ ಸಾಲದು. ಅವರು ಟಿಕೆಟ್ ಹಿಡಿದುಕೊಂಡು ಹೊರಡುವ ಎರಡು ವಾರ ಮೊದಲೇ ತಮ್ಮ ವೈದ್ಯರ ಬಳಿ ಹೋಗಿ, ಯಾವ ಹೊತ್ತಿಗೆ ಎಷ್ಟು ಯೂನಿಟ್ ಎಂದು ಬರೆಸಿಕೊಂಡು ಬರಬೇಕು.